ಘಟ್ಟದ ಹೊಸ ಸಸ್ಯಗಳು ಲೋಕಕ್ಕೆ ಗೊತ್ತಾಗುವ ಬಗೆ

ಬಸ್ರೂರಿನ ಬದಿಯಲ್ಲಿ ಹರಿಯುವ ವಾರಾಹಿ ಹೊಳೆ ಘಟ್ಟದ ನೀರು. ಹೊಸಂಗಡಿ, ಸಿದ್ದಾಪುರ, ಹಾಲಾಡಿ ದಾಟಿ ಬರುವ ಈ ಹೊಳೆಯ ತಲೆಕಟ್ಟಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಸೀಮೆಯಿದೆ. ಉತ್ತರಕ್ಕೆ 1,343 ಮೀಟರ್ ಎತ್ತರದ ಕೊಡಚಾದ್ರಿ, ಅದರ ಬುಡದಲ್ಲಿ ಕೊಲ್ಲೂರು, ಸುತ್ತ ಮೂಕಾಂಬಿಕಾ ವನ್ಯಜೀವಿಧಾಮ. ಕಡಲಿನಿಂದ ಘಟ್ಟದ ನೆತ್ತಿಗೆ ಇಲ್ಲಿ ಅರ್ಧ ದಿನದ ದಾರಿ. ಇಷ್ಟು ಕಿರಿದಾದ ನೆಲದಲ್ಲೇ ಉಪ್ಪುನೀರಿನ ಕಾಂಡ್ಲಾ, ಊರೊಳಗಿನ ಹಾಡಿ, ನಾಗಬನ, ಮುರಕಲ್ಲಿನ ಬೋಳುಗುಡ್ಡೆ, ಅಡಿಕೆ ತೋಟದ ತೋಡು, ಬಿಸಿಲು ನೆಲ ಮುಟ್ಟದ ಕಾಡು ಎಲ್ಲವೂ ಇವೆ.

1,600 ಕಿಲೋಮೀಟರ್ ಉದ್ದದ ಪಶ್ಚಿಮ ಘಟ್ಟದ ಹೂಬಿಡುವ ಸಸ್ಯಗಳನ್ನು ಕೇರಳದ ಸಸ್ಯವಿಜ್ಞಾನಿಗಳು 2014ರಲ್ಲಿ ಎರಡು ಸಂಪುಟಗಳಲ್ಲಿ ಪಟ್ಟಿ ಮಾಡಿದಾಗ ಲೆಕ್ಕ 7,400 ದಾಟಿತ್ತು. ತೋಟದಲ್ಲಿ ಬೆಳೆಸಿದವು, ಹೊರಗಿನಿಂದ ಬಂದವು ಸೇರಿ ಈ ಲೆಕ್ಕ. ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ಪ್ರತಿ ವರ್ಷ ಹೊಸ ಹೆಸರುಗಳು ಸೇರುತ್ತಲೇ ಇವೆ. ಒಂದು ಗಿಡ ‘ಹೊಸತು’ ಎನಿಸಿಕೊಳ್ಳಲು ಏನೇನು ನಡೆಯಬೇಕು, ಅದನ್ನು ಯಾರು ಮಾಡುತ್ತಾರೆ, ಅಷ್ಟೆಲ್ಲ ಮಾಡಿದ ಮೇಲೆ ಆ ಗಿಡಕ್ಕೆ ಏನು ಸಿಗುತ್ತದೆ ಎಂಬುದನ್ನು ನಮ್ಮ ಆಸುಪಾಸಿನ ಉದಾಹರಣೆಗಳಿಂದಲೇ ನೋಡಬಹುದು.

‘ಹೊಸತು’ ಯಾರಿಗೆ?

ವಿಜ್ಞಾನ ‘ಹೊಸತು’ ಎನ್ನುವ ಮರ ಕಾಡಂಚಿನ ಮನೆಯವರಿಗೆ ಹೊಸತಾಗಿರುವುದಿಲ್ಲ. ಅದರ ಸೊಪ್ಪು ಕೊಯ್ದಿರುತ್ತಾರೆ, ನೆರಳಿನಲ್ಲಿ ಕೂತಿರುತ್ತಾರೆ, ಸೊನೆ ತಾಗಿ ಮೈ ಸುಟ್ಟುಕೊಂಡಿರುತ್ತಾರೆ. ವಿಜ್ಞಾನದ ಲೆಕ್ಕದಲ್ಲಿ ಹೊಸತೆಂದರೆ ಇಷ್ಟೇ: ಅದರ ಲಕ್ಷಣಗಳನ್ನು ಬರೆದು, ಹೆಸರಿಟ್ಟು, ಮಾದರಿಯೊಂದನ್ನು ಕಾದಿಟ್ಟು ಯಾರೂ ಈವರೆಗೆ ಪ್ರಕಟಿಸಿಲ್ಲ. ಸಸ್ಯಗಳ ಹೆಸರಿನ ಲೆಕ್ಕ ಶುರುವಾಗುವುದು ಲಿನೇಯಸ್‌ನ ‘ಸ್ಪೀಸೀಸ್ ಪ್ಲಾಂಟಾರಂ’ ಗ್ರಂಥದಿಂದ, ಅಂದರೆ 1753ರಿಂದ. ಅಲ್ಲಿಂದ ಈಚೆಗೆ ಪ್ರಪಂಚದ ಯಾವ ಮೂಲೆಯಲ್ಲೂ ಅದೇ ಗಿಡಕ್ಕೆ ಬೇರೊಬ್ಬರು ಹೆಸರಿಟ್ಟಿಲ್ಲ ಎಂದು ಖಾತ್ರಿಯಾಗಬೇಕು.

ಈ ಖಾತ್ರಿಯೇ ಇಡೀ ಕೆಲಸದ ತೂಕದ ಭಾಗ. ಕಾಡಿನಲ್ಲಿ ಗಿಡ ಕಣ್ಣಿಗೆ ಬೀಳುವುದು ಒಂದು ಗಳಿಗೆಯ ಮಾತು. ಅದು ಬೇರೆಯೇ ಎಂದು ತೋರಿಸುವುದಕ್ಕೆ ಕೆಲವೊಮ್ಮೆ ವರ್ಷಗಳೇ ಬೇಕಾಗುತ್ತವೆ. ಹೊಸ ಪ್ರಭೇದ ‘ಪತ್ತೆಯಾಯಿತು’ ಎಂಬ ಪತ್ರಿಕೆಯ ಸುದ್ದಿಯಲ್ಲಿ ಈ ದುಡಿಮೆ ಕಾಣದೇ ಹೋಗುತ್ತದೆ ಎಂಬುದು ನನ್ನ ಬೇಸರ.

ಒಂದೇ ಸೀಮೆ, ಎರಡು ಗ್ರಂಥ

ಕರಾವಳಿಯ ಗಿಡಮರಗಳನ್ನು ಗ್ರಂಥಕ್ಕಿಳಿಸುವ ಕೆಲಸ ಹಳೆಯದು. ಡಚ್ಚರು ಕೊಚ್ಚಿಯಿಂದ ಮಾಡಿಸಿದ 12 ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರ ನಡುವೆ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಹಿಂದೆ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರೂ ಇದ್ದರು. ಅದೇ ಕಾಲದಲ್ಲಿ ಬಸ್ರೂರಿನಲ್ಲೂ ಡಚ್ಚರ ವ್ಯಾಪಾರವಿತ್ತು. ಆದರೆ ಇಲ್ಲಿ ಅವರ ಕಣ್ಣು ಅಕ್ಕಿ ಮತ್ತು ಕಾಳುಮೆಣಸಿನ ಮೇಲೆ. ಘಟ್ಟದ ಕಾಡು ಪುಸ್ತಕಕ್ಕೆ ಇಳಿಯಲಿಲ್ಲ.

1801ರಲ್ಲಿ ಫ್ರಾನ್ಸಿಸ್ ಬುಕನನ್ ಉಡುಪಿಯಿಂದ ಕುಂದಾಪುರ, ಬೈಂದೂರು ಹಾದು ಭಟ್ಕಳದ ಕಡೆಗೆ ಹೋದ. ಬೆಳೆ, ಗೇಣಿ, ಜಾತಿ, ವ್ಯಾಪಾರ ಬರೆದಷ್ಟೇ ಆಸ್ಥೆಯಿಂದ ಗಿಡಮರಗಳನ್ನೂ ಬರೆದುಕೊಂಡ. ಅವನು ಸಸ್ಯವಿಜ್ಞಾನಿಯೂ ಹೌದು. ಸೊನೆ ತಾಗಿದರೆ ಚರ್ಮ ಬೊಬ್ಬೆ ಏಳುವ ಹೊಳೆಗೇರಿನ ಕುಲಕ್ಕೆ ಹೊಲಿಗಾರ್ನ ಎಂಬ ಹೆಸರು ಬಂದದ್ದು ಅವನಿಂದಲೇ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಪಾದ್ರಿ ಮೆಟ್ಸ್ ಮುಂದೆ ಕೆನರಾದ ಗಿಡಗಳನ್ನು ಒಣಗಿಸಿ ಕಳಿಸಿದರು. ಜರ್ಮನಿಯಲ್ಲಿ ಹೋಹೆನಾಕರ್ ಅವನ್ನು ಕಟ್ಟುಕಟ್ಟಾಗಿ ಯೂರೋಪಿನ ಸಂಗ್ರಹಾಲಯಗಳಿಗೆ ಹಂಚಿದ. ನಮ್ಮ ಗುಡ್ಡೆಯ ಎಷ್ಟೋ ಹುಲ್ಲುಗಳ ಮೂಲ ಮಾದರಿ ಇವತ್ತಿಗೂ ಅಲ್ಲೇ ಇದೆ. ಮುಂದೆ ಮದ್ರಾಸಿನ ಅರಣ್ಯಾಧಿಕಾರಿ ಬೆಡ್ಡೋಮ್ ಘಟ್ಟದ ಮರಗಳನ್ನು ಹುಡುಕಿ ಹುಡುಕಿ ಬರೆದ. ಜೌಗಿನಲ್ಲಿ ಬೆಳೆಯುವ, ಜಾಯಿಕಾಯಿಯ ನೆಂಟನಾದ ಜಿಮ್ನಾಕ್ರಾಂತೆರ ಕೆನರಿಕ ಎಂಬ ಮರದ ಹೆಸರಿನಲ್ಲಿ ನಮ್ಮ ಸೀಮೆಯೇ ಕೂತಿದೆ. ಅದನ್ನು ಗುರುತಿಸಿದವನು ಬೆಡ್ಡೋಮ್, ಪ್ರಕಟಿಸಿದವನು ಕಲ್ಕತ್ತೆಯ ಕಿಂಗ್, ಸರಿಯಾದ ಕುಲಕ್ಕೆ ಸೇರಿಸಿದವನು ಜರ್ಮನಿಯ ವಾರ್ಬರ್ಗ್. ಒಂದು ಮರದ ಹೆಸರಿಗೆ ಮೂರು ಜನರ ಕೈ.

ಇದರ ನಡುವೆ ಆಡಳಿತದ ಒಂದು ಗೆರೆ ಇವತ್ತಿನವರೆಗೂ ತೊಂದರೆ ಕೊಡುತ್ತಿದೆ. ಕೆನರಾ ಜಿಲ್ಲೆ ಒಡೆದ ಮೇಲೆ 1862ರಲ್ಲಿ ಭಟ್ಕಳದಿಂದ ಆಚೆಗಿನದು ಮುಂಬಯಿಗೆ ಹೋಯಿತು, ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು. ಆದ್ದರಿಂದ ಬೈಂದೂರಿನ ಗಿಡ ಗ್ಯಾಂಬಲ್ ಶುರುಮಾಡಿ ಫಿಶರ್ ಮುಗಿಸಿದ ಮದ್ರಾಸ್ ಪ್ರಾಂತ್ಯದ ಗ್ರಂಥಕ್ಕೆ, ಭಟ್ಕಳದ ಅದೇ ಗಿಡ ಕುಕ್‌ನ ಮುಂಬಯಿ ಪ್ರಾಂತ್ಯದ ಗ್ರಂಥಕ್ಕೆ. ಒಣಗಿಸಿದ ಮಾದರಿಗಳೂ ಹಾಗೆಯೇ ಕೊಯಮತ್ತೂರು ಮತ್ತು ಪುಣೆಗೆ ಹಂಚಿಹೋದವು. ಕೊಡಚಾದ್ರಿಯ ನೆತ್ತಿ ಮೈಸೂರು ಸಂಸ್ಥಾನದ್ದು. ಈ ಸೀಮೆಯಲ್ಲಿ ಹೊಸ ಗಿಡ ಸಿಕ್ಕಿತೆಂದು ಹೇಳುವವರು ಈ ಎಲ್ಲ ಕಡೆಯ ಹಾಳೆಗಳನ್ನೂ ನೋಡಿರಬೇಕು. ರಾಜ್ಯವಾಗಿ ಒಂದಾದ ಮೇಲೂ ಕರ್ನಾಟಕದ ಸಸ್ಯಗಳನ್ನು ಒಂದೇ ಕಡೆ ತರುವ ಕೆಲಸಕ್ಕೆ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸೆಸಿಲ್ ಸಲ್ಡಾನಾ ಕೈಹಾಕಬೇಕಾಯಿತು. ಅವರ ‘ಫ್ಲೋರಾ ಆಫ್ ಕರ್ನಾಟಕ’ದ ಮೊದಲ ಸಂಪುಟ ಬಂದದ್ದು 1984ರಲ್ಲಿ. ನಮ್ಮ ಜಿಲ್ಲೆಗೆ ಆಸರೆಯಾದದ್ದು ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’, 2003ರದು. ಇಂಥ ಗ್ರಂಥ ಕೈಯಲ್ಲಿಲ್ಲದೆ ‘ಇದು ಗೊತ್ತಿರುವ ಗಿಡವೋ ಅಲ್ಲವೋ’ ಎಂದು ಕೇಳುವುದಕ್ಕೂ ಆಗುವುದಿಲ್ಲ.

ಕಾಡಿನಿಂದ ಹಾಳೆಗೆ

ಅನುಮಾನ ಹುಟ್ಟಿಸಿದ ಗಿಡದ ಒಂದು ರೆಂಬೆಯನ್ನು ಎಲೆ, ಹೂವು, ಸಾಧ್ಯವಾದರೆ ಕಾಯಿ ಸಮೇತ ಕತ್ತರಿಸಿ ಹಳೆಯ ಪತ್ರಿಕೆಗಳ ನಡುವೆ ಹರಡಿ, ಎರಡು ಹಲಗೆಗಳ ನಡುವೆ ಬಿಗಿದು ಒಣಗಿಸಿ, ಆಮೇಲೆ ಹಾಳೆಯ ಮೇಲೆ ಅಂಟಿಸುತ್ತಾರೆ. ಒಂದಾದರೂ ಎಲೆಯನ್ನು ಮಗುಚಿಡಬೇಕು, ಅಡಿಭಾಗದ ನರ ಮತ್ತು ರೋಮ ಆಮೇಲೂ ಕಾಣುವಂತೆ. ಆಷಾಢದ ಮಳೆಯಲ್ಲಿ ಈ ಕೆಲಸ ಹಿಡಿದವರಿಗೆ ಅದರ ಪಾಡು ಗೊತ್ತು: ಕಾಗದವನ್ನು ದಿನವೂ ಬದಲಿಸದಿದ್ದರೆ ಎಲೆ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಅಂಗಳದಲ್ಲಿ ಬಿಸಿಲಿಲ್ಲ, ಒಲೆಯ ಮೇಲಿನ ಅಟ್ಟವೇ ಗತಿ. ಘಟ್ಟದ ಸಣ್ಣ ಗಿಡಗಳಲ್ಲಿ ಬಹುಪಾಲು ಹೂ ಬಿಡುವುದೂ ಅದೇ ಮಳೆಯಲ್ಲಿ ಅಥವಾ ಅದರ ಬೆನ್ನಿಗೆ.

ಒಣಗಿದರೆ ಬಣ್ಣ ಹೋಗುತ್ತದೆ, ವಾಸನೆ ಹೋಗುತ್ತದೆ. ಅದಕ್ಕೇ ಚೀಟಿ. ಊರು, ಎತ್ತರ, ದಿನಾಂಕ, ಮರವೋ ಬಳ್ಳಿಯೋ, ಎಷ್ಟು ಎತ್ತರ, ಹೂವಿನ ಬಣ್ಣ, ತೊಗಟೆ ಕೊಚ್ಚಿದರೆ ಬರುವ ಸೊನೆ, ನೀರಿನ ಬದಿಯೋ ಬಂಡೆಯ ಮೇಲೋ, ಸಂಗ್ರಹಿಸಿದವರ ಹೆಸರು ಮತ್ತು ಅವರ ಕ್ರಮಸಂಖ್ಯೆ. ನೂರು ವರ್ಷದ ನಂತರ ಆ ಜಾಗವನ್ನು ಮತ್ತೆ ಹುಡುಕಿಕೊಂಡು ಬರುವವರಿಗೆ ಈ ಚೀಟಿಯೊಂದೇ ದಾರಿ. ಚೀಟಿಯಿಲ್ಲದ ಮಾದರಿ ಬರೀ ಒಣಸೊಪ್ಪು.

ಆಮೇಲಿನದು ಮೇಜಿನ ಕೆಲಸ. ಹಳೆಯ ಹಾಳೆಯ ಮೇಲಿನ ಒಣಹೂವೊಂದನ್ನು ಕಿತ್ತು ಬಿಸಿನೀರಿಗೆ ಹಾಕುತ್ತಾರೆ. ಸುರುಟಿದ ಕಂದು ಚೂರು ಸ್ವಲ್ಪ ಹೊತ್ತಿನಲ್ಲಿ ಮೆತ್ತಗಾಗಿ ಎಸಳು ಬಿಚ್ಚುತ್ತದೆ. ಸೂಜಿಯ ಮೊನೆಯಲ್ಲಿ ಎಸಳುಗಳನ್ನು ಒಂದೊಂದಾಗಿ ಸರಿಸಿ ಕೇಸರಗಳನ್ನು ಎಣಿಸುತ್ತಾರೆ, ಅಂಡಾಶಯವನ್ನು ಅಡ್ಡ ಸೀಳಿ ಒಳಗಿನ ಕೋಣೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಅಳತೆ ಬರೆದು ಚಿತ್ರ ತೆಗೆಯುತ್ತಾರೆ. ಅದೇ ಕುಲದ ಗೊತ್ತಿರುವ ಪ್ರಭೇದಗಳ ಹೂವಿಗೂ ಇದೇ ಉಪಚಾರ. ವ್ಯತ್ಯಾಸ ಒಂದೆರಡು ಗಿಡಗಳಿಗೆ ಸೀಮಿತವೋ, ನೆರಳು ಬಿಸಿಲಿನಿಂದ ಆದದ್ದೋ, ಅಥವಾ ಎಲ್ಲ ಗಿಡಗಳಲ್ಲೂ ಹೀಗೆಯೇ ಇದೆಯೋ ಎಂಬುದು ಇಲ್ಲಿ ತೀರ್ಮಾನವಾಗಬೇಕು. ಈಗ ಡಿಎನ್‌ಎ ಹೋಲಿಕೆಯೂ ಜೊತೆಗೂಡಿದೆ. ಆದರೂ ಹೂವು ಬಿಚ್ಚಿ ನೋಡುವ ಕಣ್ಣಿಗೆ ಬದಲಿ ಬಂದಿಲ್ಲ.

ಕತ್ತಲೆಕಾನಿನ ಮರ

ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಮಾವಿನಗುಂಡಿಯತ್ತ ಘಟ್ಟ ಹತ್ತುವ ದಾರಿಯಲ್ಲಿ, ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಇದೆ. ಜೋಗಕ್ಕೆ ಹೋಗುವ ಬಸ್ಸುಗಳು ಅದರ ಬದಿಯಲ್ಲೇ ಹಾದುಹೋಗುತ್ತವೆ. ಒಳಗೆ ತೊರೆಗಳ ತಲೆಯಲ್ಲಿ ವರ್ಷವಿಡೀ ಆರದ ಜೌಗು. ರಾಮಪತ್ರೆಯ ಬಳಗದ ಮರಗಳು ಅಲ್ಲಿ ಕೆಸರಿನೊಳಗಿಂದ ಮೊಣಕಾಲು ಮಡಚಿದಂಥ ಬೇರುಗಳನ್ನು ಮೇಲೆಬ್ಬಿಸಿ ಗಾಳಿ ಸೇವಿಸುತ್ತವೆ. ಇಂಥ ಜೌಗುಗಳು ಒಂದು ಕಾಲಕ್ಕೆ ಘಟ್ಟದುದ್ದಕ್ಕೂ ಇದ್ದವು. ಬಾರೋತಿಂಗಳು ನೀರಿರುವ ಸಪಾಟು ತಗ್ಗು ಗದ್ದೆಗೂ ಅಡಿಕೆ ತೋಟಕ್ಕೂ ಹೇಳಿಮಾಡಿಸಿದ ಜಾಗ, ಹಾಗಾಗಿ ಹೆಚ್ಚಿನವು ಗದ್ದೆ ತೋಟಗಳಾದವು. ಉಳಿದದ್ದು ಚೂರುಪಾರು.

ಆ ಚೂರಿನಲ್ಲಿ ಒಂದು ದೊಡ್ಡ ಮರ, ಅಗಲ ಎಲೆ, ಗೇರಿನ ಜಾತಿಯದೆಂದು ಗೊತ್ತಾಗುವ ಕಾಯಿ. ಬೀಜದ ಬುಡಕ್ಕೆ ತಿರುಳಿನ ತೊಟ್ಟು ಅಂಟಿಕೊಂಡಿರುವುದು ಸೆಮೆಕಾರ್ಪಸ್ ಕುಲದ ಗುರುತು. ಅಗಸರ ಗುರುತುಮಸಿಗೆ ಬಳಸುತ್ತಿದ್ದ ಕರಿಗೇರು ಇದೇ ಕುಲದ್ದು. ಘಟ್ಟದಲ್ಲಿ ಈ ಕುಲದ ಬೇರೆ ಮರಗಳೂ ಇವೆ. ಬೆಡ್ಡೋಮ್‌ನೇ ಎರಡಕ್ಕೆ ಹೆಸರಿಟ್ಟಿದ್ದ. ಎಲ್ಲವನ್ನೂ ಪಕ್ಕಕ್ಕಿಟ್ಟು ನೋಡಿದ ದಾಸಪ್ಪ ಮತ್ತು ಅರಣ್ಯಾಧಿಕಾರಿ ಎಂ. ಎಚ್. ಸ್ವಾಮಿನಾಥ್ ಇದು ಬೇರೆಯೇ ಎಂದು ತೀರ್ಮಾನಿಸಿ 2000ದಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರಿನಿಂದ ಪ್ರಕಟಿಸಿದರು.

ನೆಲಕಚ್ಚಿದ ಪುಟ್ಟ ಹುಲ್ಲು ಯಾರ ಕಣ್ಣಿಗೂ ಬೀಳದೆ ಉಳಿಯುವುದು ಸಹಜ. ರಸ್ತೆಯ ಬದಿಯ ಕಾಡಿನಲ್ಲಿ, ಅರಣ್ಯ ಇಲಾಖೆ ನೂರಕ್ಕೂ ಹೆಚ್ಚು ವರ್ಷ ಓಡಾಡಿದ ಜಾಗದಲ್ಲಿ, ಇಷ್ಟು ದೊಡ್ಡ ಮರ 2000ದವರೆಗೆ ಹೆಸರಿಲ್ಲದೆ ನಿಂತಿತ್ತು ಎಂಬುದು ಇಂದಿಗೂ ನನ್ನನ್ನು ಬೆರಗುಗೊಳಿಸುವ ಸಂಗತಿ. ಅದಾದ ಮೇಲೆ ಶಿರಸಿಯ ಅರಣ್ಯ ಮಹಾವಿದ್ಯಾಲಯದವರೂ ಬೆಂಗಳೂರಿನವರೂ ಸೇರಿ ಅದರ ಸಂಖ್ಯೆ, ಹೂವು, ಬೀಜ, ಸಸಿ ಎಲ್ಲದರ ಅಧ್ಯಯನಕ್ಕೆ ತೊಡಗಿದರು. ಜೌಗಿನ ಮರಗಳ ಬೀಜದ್ದು ಒಂದು ಕಷ್ಟ: ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇನೆಂದರೆ ಮೊಳೆಯುವುದಿಲ್ಲ. ಬಿದ್ದ ಬೀಜಕ್ಕೆ ಆಗಲೇ ಒದ್ದೆ ನೆಲ ಬೇಕು. ಹಾಗಾಗಿ ಜೌಗು ಹೋದರೆ ಈ ಮರವನ್ನು ಬೀಜದ ಉಗ್ರಾಣದಲ್ಲಿ ಉಳಿಸಿಕೊಳ್ಳುವ ಉಪಾಯವಿಲ್ಲ.

ಅದೇ ಆಸುಪಾಸಿನ ಜೌಗಿನಲ್ಲಿ ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರಿಗೆ ಸಿಜಿಜಿಯಂ ಟ್ರಾವಂಕೋರಿಕಂ ಎಂಬ ನೇರಳೆಯ ಜಾತಿಯ ಮರ ಕಂಡಿತು. ಅಲ್ಲಿಯವರೆಗೆ ಅದು ಕೇರಳದ್ದೆಂದೇ ತಿಳಿದಿತ್ತು. ಪ್ರಭೇದ ಹಳೆಯದು, ನೆಲೆ ಹೊಸತು. ಇಂಥ ದಾಖಲೆಗೂ ಹೊಸ ಹೆಸರಿನಷ್ಟೇ ಬೆಲೆಯಿದೆ ಎಂದು ನಾನು ತಿಳಿಯುತ್ತೇನೆ.

ಹಾಳೆಯಲ್ಲಿ ಕಾದಿದ್ದ ಹುಲ್ಲು

ಜೋಗದ ಹತ್ತಿರ 1919ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಎಂಬಿಬ್ಬರು ಅಧಿಕಾರಿಗಳು ಒಂದು ಪುಟ್ಟ ಹುಲ್ಲನ್ನು ಕಿತ್ತು ಒಣಗಿಸಿದರು. ಜಲಪಾತದ ತುಂತುರು ಬೀಳುವ ಒದ್ದೆ ಬಂಡೆಯ ಹುಲ್ಲು ಅದು. ಮಾದರಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸೇರಿತು. ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದು ಆಮೇಲೆ ಕ್ಯೂಗೆ ಹೋದ ಬೋರ್ ಅದನ್ನು ಬಿಡಿಸಿ ನೋಡಿ, ಪ್ರಭೇದವಷ್ಟೇ ಅಲ್ಲ, ಕುಲವೇ ಹೊಸದೆಂದು ಕಂಡುಕೊಂಡ. ಹಬಾರ್ಡಿಯ ಹೆಪ್ಟಾನ್ಯೂರಾನ್ ಎಂಬ ಹೆಸರು ಅಚ್ಚಾದದ್ದು 1951ರಲ್ಲಿ. ಕಿತ್ತದ್ದಕ್ಕೂ ಹೆಸರಿಟ್ಟದ್ದಕ್ಕೂ ನಡುವೆ 32 ವರ್ಷ.

ಮುಂದೆ 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದು ಜೋಗದ ನೀರಿನ ಹರಿವೇ ಬದಲಾಯಿತು. ಹುಡುಕಿದವರಿಗೆ ಹುಲ್ಲು ಸಿಗಲಿಲ್ಲ. ಅಳಿದವುಗಳ ಪಟ್ಟಿಗೆ ಹೋಯಿತು. 2000ದ ನಂತರ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಮತ್ತು ಸಂಗಡಿಗರಿಗೆ ಮಹಾರಾಷ್ಟ್ರದ ತಿಲ್ಲಾರಿ ಘಾಟಿಯಲ್ಲಿ ಅದೇ ಹುಲ್ಲು ಮತ್ತೆ ಕಂಡಿತು. ಕ್ಯೂನ ಆ ಹಾಳೆ ಇಲ್ಲದಿದ್ದರೆ ತಿಲ್ಲಾರಿಯಲ್ಲಿ ಸಿಕ್ಕಿದ್ದು ಜೋಗದ ಹುಲ್ಲೇ ಎಂದು ಹೇಳುವುದಕ್ಕೆ ಆಧಾರವೇ ಇರುತ್ತಿರಲಿಲ್ಲ.

ಪ್ರಕಟಣೆಯ ಕಟ್ಟಳೆ

ಸಸ್ಯಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಂಹಿತೆಯನ್ನು ಸಸ್ಯವಿಜ್ಞಾನಿಗಳ ಮಹಾಸಮ್ಮೇಳನಗಳು ಕಾಲಕಾಲಕ್ಕೆ ತಿದ್ದುತ್ತವೆ. ಹೆಸರು ಎರಡು ಪದದ್ದಾಗಿರಬೇಕು. ಒಂದು ಮಾದರಿಯನ್ನು ‘ಹೋಲೋಟೈಪ್’ ಎಂದು ಗೊತ್ತುಮಾಡಿ ಅದು ಯಾವ ಸಂಗ್ರಹಾಲಯದಲ್ಲಿದೆ ಎಂದು ತಿಳಿಸಬೇಕು. ಮುಂದೆ ಹೆಸರಿನ ಬಗ್ಗೆ ತಕರಾರು ಬಂದರೆ ತೀರ್ಪು ಆ ಒಂದು ಹಾಳೆಯದು. ಅದೇ ಗಿಡದ ಜೋಡಿ ಮಾದರಿಗಳನ್ನು ಬೇರೆ ಊರಿನ ಸಂಗ್ರಹಗಳಿಗೂ ಕಳಿಸುವುದು ವಾಡಿಕೆ. ಒಂದು ಕಡೆ ಬೆಂಕಿಯೋ ಹುಳವೋ ಬಿದ್ದರೆ ಇನ್ನೊಂದು ಉಳಿದಿರಲಿ ಎಂದು. 1935ರಿಂದ 2011ರವರೆಗೆ ಲಕ್ಷಣವನ್ನು ಲ್ಯಾಟಿನ್ನಿನಲ್ಲೇ ಬರೆಯಬೇಕಿತ್ತು. 2012ರ ಜನವರಿಯಿಂದ ಇಂಗ್ಲಿಷ್ ಸಾಕು, ಮುದ್ರಣವಿಲ್ಲದ ವಿದ್ಯುನ್ಮಾನ ಪ್ರಕಟಣೆಯೂ ಊರ್ಜಿತ. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಹೊಸ ಜೀವಿಯನ್ನು ಕಂಡುಹಿಡಿದವರು ಸರ್ಕಾರ ಗೊತ್ತುಮಾಡಿದ ಸಂಸ್ಥೆಗೆ ತಿಳಿಸಿ ಮಾದರಿಯನ್ನು ಒಪ್ಪಿಸಬೇಕು. ಹೋಹೆನಾಕರ್‌ನ ಕಾಲದಂತೆ ಎಲ್ಲವೂ ಕಡಲಾಚೆಗೆ ಹೋಗುವಂತಿಲ್ಲ ಎಂಬುದು ಒಳ್ಳೆಯದೇ ಆಯಿತು.

ಬಸ್ರೂರಿನ ಕಾಲೇಜಿನಿಂದ

ಈ ಕೆಲಸಕ್ಕೆ ದೊಡ್ಡ ಊರಿನ ದೊಡ್ಡ ಸಂಸ್ಥೆಯೇ ಬೇಕೆಂಬ ನಂಬಿಕೆಗೆ ಬಸ್ರೂರಿನಲ್ಲೇ ಉತ್ತರವಿದೆ. ಇಲ್ಲಿನ ಶ್ರೀ ಶಾರದಾ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಗೋಪಾಲಕೃಷ್ಣ ಭಟ್ಟರದು (ಉಡುಪಿಯ ಸಸ್ಯಶಾಸ್ತ್ರಜ್ಞರು ಬೇರೆ, ಇವರು ಬೇರೆ) ಪ್ರಾಣಿಗಳ ಕ್ಷೇತ್ರ. ಅದರಲ್ಲೂ ಸಿಸಿಲಿಯನ್ನುಗಳು: ಕಪ್ಪೆಗಳ ಸಂಬಂಧಿಕರಾದರೂ ಕಾಲಿಲ್ಲದೆ ಮಣ್ಣಿನೊಳಗೇ ಬದುಕುವ ಜೀವಿಗಳು. ತೋಟದಲ್ಲಿ ಹಾರೆಗೆ ಸಿಕ್ಕರೆ ದೊಡ್ಡ ಎರೆಹುಳವೆಂದೋ ಹಾವಿನ ಮರಿಯೆಂದೋ ಜನ ತಿಳಿಯುತ್ತಾರೆ. ಹಾವೆಂದು ಹೆದರಿ ಹೊಡೆಯುವುದೂ ಉಂಟು. ಭಟ್ಟರು 1998ರಲ್ಲಿ ಪಶ್ಚಿಮ ಘಟ್ಟದ ಸಿಸಿಲಿಯನ್ನುಗಳನ್ನು ಗುರುತಿಸುವ ಕೈಪಿಡಿಯನ್ನು ಪ್ರಕಟಿಸಿದರು. 2004ರಲ್ಲಿ ಅವರೂ ಸಂಗಡಿಗರಾದ ಶ್ರೀನಿವಾಸರೂ ಸೇರಿ ಮೂಕಾಂಬಿಕಾ ವನ್ಯಜೀವಿಧಾಮದ ಅಂಚಿನ ಮುದೂರಿನಿಂದ ಹೊಸ ಪ್ರಭೇದವೊಂದನ್ನು ‘ಝೂಟಾಕ್ಸಾ’ ಪತ್ರಿಕೆಯಲ್ಲಿ ವಿವರಿಸಿದರು: ಗೆಗೆನಿಯೋಫಿಸ್ ಮಾಧವೈ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಹೆಸರು ಅದು. ಇದೇ ಕುಲದ ಗೆಗೆನಿಯೋಫಿಸ್ ಕೃಷ್ಣಿ 1999ರಲ್ಲಿ ಬಂದದ್ದು ಮಂಗಳೂರಿನ ಬಳಿ ಗುರುಪುರದ ಒಂದು ಕೃಷಿಭೂಮಿಯಿಂದ.

ಪ್ರಾಣಿಗಳ ಸಂಹಿತೆ ಬೇರೆ, ಅಲ್ಲಿ ಲ್ಯಾಟಿನ್ ವಿವರಣೆಯ ಕಡ್ಡಾಯ ಇರಲಿಲ್ಲ. ಆದರೆ ದುಡಿಮೆಯ ಬಗೆ ಗಿಡದ್ದೇ. ಹೂವಿನ ಕೇಸರದ ಬದಲು ಇಲ್ಲಿ ಮೈಮೇಲಿನ ಉಂಗುರಗಳ ಎಣಿಕೆ, ಹಲ್ಲಿನ ಸಾಲು, ಎಲುಬಿನಡಿಗೆ ಸರಿದ ಕಣ್ಣು, ಮೂತಿಯ ಬದಿಯ ಪುಟ್ಟ ಮೀಸೆ ಎಲ್ಲಿದೆ ಎಂಬ ಅಳತೆ. ಮತ್ತೆ ಅದೇ ಹೋಲಿಕೆ, ಅದೇ ಮೂಲ ಮಾದರಿ. ಇದಕ್ಕೆ ಬೇಕಾದದ್ದು ಮಳೆಗಾಲ ಮಳೆಗಾಲವೂ ಅದೇ ತೋಟ, ಅದೇ ತೋಡಿನ ಬದಿಗೆ ಹೋಗಬಲ್ಲ ಮನುಷ್ಯ. ದೂರದಿಂದ ನಾಲ್ಕು ದಿನದ ರಜೆ ಹಾಕಿ ಬಂದವರಿಗೆ ಹೂ ಬಿಟ್ಟ ವಾರ ತಪ್ಪುತ್ತದೆ. ಸಲ್ಡಾನಾ, ಉಡುಪಿಯ ಭಟ್ಟರು, ಕುಮಟಾದ ಸುಭಾಷ್ ಚಂದ್ರನ್, ಬಸ್ರೂರಿನ ಭಟ್ಟರು, ಎಲ್ಲರೂ ಕಾಲೇಜಿನ ಮೇಷ್ಟ್ರುಗಳಾಗಿದ್ದದ್ದು ಆಕಸ್ಮಿಕವಲ್ಲ. ಕಾಲೇಜುಗಳಲ್ಲಿ ಗಿಡ ಗುರುತಿಸುವ ಪಾಠ ಸೊರಗಿ, ಕಪಾಟಿನ ಹಾಳೆಗಳಿಗೆ ಹುಳ ಹಿಡಿಯುತ್ತಿರುವುದು ಅದಕ್ಕೇ ದೊಡ್ಡ ನಷ್ಟ.

ಹೆಸರು ಸಿಕ್ಕ ಮೇಲೆ

ಹೆಸರಿಲ್ಲದ ಮರವನ್ನು ಯಾವ ಕಾಯ್ದೆಯ ಪಟ್ಟಿಗೂ ಸೇರಿಸಲಾಗುವುದಿಲ್ಲ. ಕತ್ತಲೆಕಾನಿನ ಮರಕ್ಕೆ ಹೆಸರು ಸಿಕ್ಕಿದ್ದು, ಜೌಗುಗಳ ಅಧ್ಯಯನ, ಸಿಂಗಳೀಕಗಳ ಗಣತಿ ಇವೆಲ್ಲ ಒಟ್ಟುಗೂಡಿ 2011ರಲ್ಲಿ ಆ ಕಾಡುಗಳು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾದವು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯದ ಜೊತೆ ಕೂಡಿದವು. ಆಗುಂಬೆ, ಸೋಮೇಶ್ವರದ ಕಾಡುಗಳು 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿವೆ. ಇನ್ನೊಂದು ಮಗ್ಗುಲೂ ಇದೆ. ಅಪರೂಪದ ಸೀತಾಳೆ ದಂಡೆಯಂಥ ಗಿಡದ ಜಾಗ ಪ್ರಕಟವಾದರೆ ಕಿತ್ತು ಮಾರುವವರೂ ಅಲ್ಲಿಗೆ ಬರುತ್ತಾರೆ. ಆದ್ದರಿಂದ ಈಚೆಗೆ ಎಷ್ಟೋ ಲೇಖಕರು ಊರಿನ ಹೆಸರಷ್ಟೇ ಕೊಟ್ಟು ಕರಾರುವಾಕ್ಕಾದ ಸ್ಥಳವನ್ನು ಮರೆಸುತ್ತಾರೆ.

ಗುರುತು ಸಿಗದ ಗಿಡ ಕಂಡರೆ

ಕಿತ್ತು ತರಬೇಡಿ, ರಕ್ಷಿತಾರಣ್ಯದಲ್ಲಾದರೆ ಅದು ಅಪರಾಧವೂ ಹೌದು. ಇಡೀ ಗಿಡ, ಎಲೆಯ ಎರಡೂ ಮೈ, ಹೂವಿನ ಎದುರು ಮತ್ತು ಪಕ್ಕ, ಕಾಯಿ, ತೊಗಟೆ, ಸುತ್ತಲಿನ ಜಾಗ ಇಷ್ಟರ ಚಿತ್ರ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ದಿನಾಂಕ ಬರೆದಿಡಿ, ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆಂದು ಕೇಳಿ ಅದನ್ನೂ ಬರೆಯಿರಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಸಂಗ್ರಹ ಅಥವಾ ಭಾರತೀಯ ಸಸ್ಯ ಸರ್ವೇಕ್ಷಣೆಯ ಕೊಯಮತ್ತೂರು ಕಚೇರಿಗೆ ತೋರಿಸಬಹುದು. ಹತ್ತರಲ್ಲಿ ಒಂಬತ್ತು ಸಲ ಅದು ಗೊತ್ತಿರುವ ಗಿಡವೇ ಆಗಿರುತ್ತದೆ. ಹಾಗಾದರೂ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಗೆ ಊರಿನ ಒಂದು ಗಿಡ ಸರಿಯಾದ ಹೆಸರಿನೊಂದಿಗೆ ಸೇರುತ್ತದೆ. ಮುಂದಿನ ಮಳೆಗಾಲದಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಿ, ಕಳೆದ ಸಲ ಸಿಗದ ಹೂವೋ ಕಾಯೋ ಬಿಟ್ಟಿದೆಯೇ ಎಂದು ನೋಡಿ ಅದರ ಚಿತ್ರವನ್ನೂ ಜೊತೆಗಿಡಿ.